ಖರ್ಚಿಗೆ ಹೆದರಿ ಬಿಟ್ಟ ಇಂಜೆಕ್ಷನ್

ಆ ಮನೆಯಲ್ಲಿ ಅಲಾರಾಂ ಬೇಕಿರಲಿಲ್ಲ. ಯಜಮಾನನ ಸೀನಿಗೇ ಅಕ್ಕಪಕ್ಕದವರು ಎದ್ದು ಕೂರುತ್ತಿದ್ದರು. ಹಾಸಿಗೆ ಕೊಡವಿದರೆ ಸೀನು, ಕಸ ಗುಡಿಸಿದರೆ ಸೀನು. ಧೂಳಿನ ಅಲರ್ಜಿಗೆಂದು ಆಸ್ಪತ್ರೆಯಲ್ಲಿ ಇಂಜೆಕ್ಷನ್ ಶುರುಮಾಡಿದ ಮೇಲೆ ಎಷ್ಟೋ ಕಡಿಮೆಯಾಗಿತ್ತು. ಈಗ ನೋಡಿದರೆ ಮತ್ತೆ ಅದೇ ರಾಗ.

ಹೊಲಿಗೆ ಮೆಷಿನ್ ತುಳಿಯುತ್ತಿದ್ದ ಹೆಂಡತಿಗೆ ತಲೆ ಚಿಟ್ಟುಹಿಡಿಯಿತು. "ಇಂಜೆಕ್ಷನ್ ತಗೊಳ್ತಾನೇ ಇದ್ದೀರಲ್ಲ, ಮತ್ತೇನ್ರೀ ಇದು?"

"ಹವಾ ಬದಲಾಗಿದೆ ಕಣೇ" ಎಂದವನೇ ಮೆಡಿಕಲ್ ಶಾಪಿನಿಂದ ತಂದ ಮಾತ್ರೆ ನುಂಗಿ, ತಾನು ಓಡಿಸುತ್ತಿದ್ದ ಶಾಲಾ ವ್ಯಾನ್ ಹತ್ತಿದ.

ಅವತ್ತೇ ವ್ಯಾನು ಫುಟ್‌ಪಾತ್ ಏರಿ ಹಣ್ಣಿನ ಗಾಡಿಯನ್ನು ಬೀಳಿಸಿತು. ಮಕ್ಕಳು ಕಿರುಚಿಕೊಂಡರು. ಒಬ್ಬ ಹುಡುಗಿಯ ತುಟಿ ಸೀಳಿ ಹೊಲಿಗೆ ಹಾಕಬೇಕಾಯಿತು. "ಹುಷಾರಾಗೋ ತನಕ ಸ್ಟೇರಿಂಗ್ ಮುಟ್ಟಬೇಡ" ಎಂದು ವ್ಯಾನಿನ ಮಾಲೀಕ ಮನೆಗೆ ಕಳಿಸಿದ.

ಮನೆಯಲ್ಲಿ ಒಂದೊಂದೇ ಹೊರಬಿತ್ತು. ಮಾತ್ರೆ ನುಂಗಿದರೆ ನಿದ್ದೆಗೆ ಕಣ್ಣು ಎಳೆಯುತ್ತಿತ್ತಂತೆ. ಇಂಜೆಕ್ಷನ್ ಬಿಟ್ಟು ತಿಂಗಳುಗಳೇ ಆಗಿದ್ದವಂತೆ!

"ವರ್ಷಗಟ್ಟಲೆ ಚುಚ್ಚಿಸ್ಕೋಬೇಕಂತೆ. ಅಷ್ಟು ದುಡ್ಡು ಎಲ್ಲಿಂದ ತರ್ಲಿ? ಹೇಗೂ ಕಮ್ಮಿಯಾಗಿತ್ತಲ್ಲ..."

"ನನಗ್ಯಾಕೆ ಹೇಳ್ಲಿಲ್ಲ?"

"ನೀನು ಚಿಂತೆ ಮಾಡ್ತೀಯ ಅಂತ."

ಅವಳು ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದಳು. "ಈಗೇನು ಹಾಯಾಗಿದ್ದೀನಾ? ಆ ಮಗು ಕಣ್ಣಿಗೆ ಏನಾದ್ರೂ ಆಗಿದ್ದಿದ್ರೆ?"



ಮರುದಿನ ಅವಳೇ ಅವನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಕಥೆಯನ್ನೆಲ್ಲ ಕೇಳಿದ ನರ್ಸ್ ನಿಟ್ಟುಸಿರು ಬಿಟ್ಟರು.

"ದುಡ್ಡಿನ ತೊಂದರೆ ಅಂತ ಒಂದು ಮಾತು ಹೇಳಬಾರದಿತ್ತಾ ಅಣ್ಣ?"

"ನಾಚಿಕೆ ಸಿಸ್ಟರ್."

"ಊರಿಗೆಲ್ಲ ಕೇಳೋ ಹಾಗೆ ಸೀನೋಕೆ ನಾಚಿಕೆ ಇಲ್ಲ, ಇದಕ್ಕೆ ನಾಚಿಕೆ!" ಎಂದು ಹೆಂಡತಿ ಸಿಡುಕಿದಳು.

ನರ್ಸ್ ಬಿಡಿಸಿ ಹೇಳಿದರು. "ಡೋಸ್ ಸ್ವಲ್ಪ ಸ್ವಲ್ಪ ಏರಿಸ್ತಾ ದೇಹಕ್ಕೆ ಧೂಳನ್ನ ಅಭ್ಯಾಸ ಮಾಡಿಸ್ತೀವಿ. ಮೂರರಿಂದ ಐದು ವರ್ಷ ಬೇಕಾಗುತ್ತೆ. ಮಧ್ಯೆ ಬಿಟ್ಟರೆ ಡೋಸ್ ಇಳಿಸಿ ಮತ್ತೆ ಏರಿಸ್ಕೊಂಡು ಬರಬೇಕು. ಖರ್ಚು ಇನ್ನೂ ಜಾಸ್ತಿ. ಅದಿರಲಿ, ಇನ್ಶೂರೆನ್ಸ್ ಇದೆಯಾ?"

"ಇದೆ. ಅದು ಆಪರೇಷನ್ನಿಗೆ ಮಾತ್ರ ಅಲ್ವಾ?"

"ವಿಚಾರಿಸಿದ್ರಾ?"

"ಇಲ್ಲ."

ಹೆಂಡತಿ ಹಣೆ ಹಣೆ ಚಚ್ಚಿಕೊಂಡಳು.

ಬಿಲ್ಲಿನ ಕೌಂಟರಿನಿಂದಲೇ ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿ ವಿಚಾರಿಸಿದರು. ಪೂರ್ತಿ ಅಲ್ಲದಿದ್ದರೂ ಅವನ ಪಾಲಿಸಿಯಲ್ಲಿ ಒಂದು ಪಾಲು ಸಿಗುತ್ತಿತ್ತು. ಉಳಿದದ್ದನ್ನು ತಿಂಗಳ ಕಂತಿನಲ್ಲಿ ಕಟ್ಟಲು ಆಸ್ಪತ್ರೆಯವರು ಒಪ್ಪಿದರು. ಡಾಕ್ಟರು ಪರೀಕ್ಷೆ ಮಾಡಿ, ಮಾತ್ರೆ ಬದಲಾಯಿಸಿ, ಕಡಿಮೆ ಡೋಸಿನಿಂದ ಇಂಜೆಕ್ಷನ್ ಮತ್ತೆ ಶುರುಮಾಡಿದರು.

ಚುಚ್ಚಿದ ಕೂಡಲೇ ಅವನು ಮನೆಗೆ ಹೊರಟ. "ಕೂತ್ಕೊಳ್ಳಿ!" ಎಂದು ನರ್ಸೂ ಹೆಂಡತಿಯೂ ಒಟ್ಟಿಗೇ ಗದರಿದರು. ಮೈಗೆ ಒಗ್ಗದಿದ್ದರೆ ತಕ್ಷಣ ಉಪಚಾರ ಸಿಗಲೆಂದು ಅರ್ಧ ಗಂಟೆ ಅಲ್ಲೇ ಇರಬೇಕು.

ಪಕ್ಕದ ಬೆಂಚಿನಲ್ಲಿ ಇನ್ನೊಬ್ಬ ರೋಗಿ ತನ್ನ ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದ: "ಕೈಲಿ ಕಾಸಿಲ್ಲ, ಸುಮ್ಮನೆ ಎದ್ದು ಹೋಗೋಣ."

ವ್ಯಾನ್ ಡ್ರೈವರ್ ಅವನತ್ತ ವಾಲಿದ. "ಆ ಕೌಂಟರಲ್ಲಿ ಕೇಳಿ ಅಣ್ಣ. ಕೇಳಿದ್ರೆ ಇಲ್ಲಿ ಯಾರೂ ಬೈಯಲ್ಲ. ಕೇಳದೆ ಹೋದ್ರೆ ಮನೇಲಿ ಬೈತಾರೆ."

ನೀವೂ ಕೇಳಿ. ಎಷ್ಟು ವರ್ಷದ ಚಿಕಿತ್ಸೆ, ಒಟ್ಟು ಎಷ್ಟಾಗುತ್ತದೆ, ವಿಮೆ ಎಷ್ಟು ಕೊಡುತ್ತದೆ, ಉಳಿದದ್ದಕ್ಕೆ ಕಂತು ಉಂಟೇ ಎಂದು ಶುರುವಿನಲ್ಲೇ ಕೇಳಿ. ಕೈ ಬಿಗಿಯಾದರೆ ಡಾಕ್ಟರಿಗೆ ಹೇಳಿ, ಹೇಳದೆ ನಿಲ್ಲಿಸಬೇಡಿ. ತೂಕಡಿಕೆ ತರುವ ಮಾತ್ರೆ ನುಂಗಿ ಗಾಡಿ ಹತ್ತಬೇಡಿ. ನಿಮ್ಮವರಿಂದ ಮುಚ್ಚಿಡಲಂತೂ ಹೋಗಬೇಡಿ.