ಇನ್ನೊಂದು ಕೈ

"ಈಗ?"

ಆ ಸದ್ದು ಎಲ್ಲಿಂದ ಬಂತೆಂದು ಅವಳು ಹಿಂದಕ್ಕೆ ತಿರುಗಿ ನೋಡಿದಳು. ಕಿವಿಯ ಯಂತ್ರ ಕೂರಿಸಿದವನು ಎದುರಿಗೇ ಇದ್ದ.

"ಕೇಳಿಸ್ತು ಅಂತ ಕಾಣುತ್ತೆ," ಎಂದಳು ಬಾಗಿಲಲ್ಲಿ ನಿಂತಿದ್ದ ಆಯಾ. "ಹಾಗಾದ್ರೆ ಇಷ್ಟು ದಿನ ನಾನು ಬೈದದ್ದೆಲ್ಲ ದಂಡ."

ಆಯಾಳ ದನಿ ಇಷ್ಟು ತೆಳುವಾಗಿರಬಹುದೆಂದು ಅವಳು ಎಣಿಸಿರಲಿಲ್ಲ. ಅಷ್ಟು ದಪ್ಪ ಹೆಂಗಸಿಗೆ ಮನಸ್ಸಿನಲ್ಲೇ ಒಂದು ದಪ್ಪ ದನಿ ಕೊಟ್ಟುಬಿಟ್ಟಿದ್ದಳು.

"ಮೊದಮೊದಲು ಗದ್ದಲ ಅನ್ಸುತ್ತೆ ಅಜ್ಜಿ," ಎಂದ ಯಂತ್ರದವನು. " ತೆಗೆದಿಡಬೇಡಿ. ಎಲ್ಲಿ, ಏನಾದ್ರೂ ಮಾತಾಡಿ."

ಅವಳು ನಕ್ಕಳು. ಬಹಳ ದಿನಗಳಿಂದ ಆ ನಗುವೇ ಎಲ್ಲದಕ್ಕೂ ಉತ್ತರವಾಗಿ ನಡೆದುಹೋಗುತ್ತಿತ್ತು.

ವೃದ್ಧಾಶ್ರಮದಲ್ಲಿ ಎಲ್ಲರಿಗೂ ಅವಳು ಸ್ಟೆನೊ. ನ್ಯಾಯಾಲಯದಲ್ಲಿ ಶೀಘ್ರಲಿಪಿ ಬರೆಯುತ್ತಲೇ ತಲೆ ನರೆಸಿಕೊಂಡವಳು. ಕೊಂದವನ ಮಾತು, ಕೊಲ್ಲಲಿಲ್ಲವೆಂದವನ ಮಾತು, ಎರಡೂ ಒಂದೇ ವೇಗದಲ್ಲಿ ಕಿವಿಯಿಂದ ಬೆರಳಿಗೆ ಇಳಿಯುತ್ತಿದ್ದವು. ನಡುವೆ ತನ್ನದೊಂದು ಮಾತು ಸೇರಿಸುವ ಹಾಗಿರಲಿಲ್ಲ. ಅಂಥವಳ ಕಿವಿಯೇ ಕೈಕೊಟ್ಟಿತೆಂದು ಯಾರಲ್ಲಿ ಹೇಳುವುದು? ಇಲ್ಲಿಗೆ ಬಂದ ಹೊಸದರಲ್ಲಿ ಊಟದ ಹೊತ್ತಿಗೆ ಏನೋ ಕೇಳಿದಾಗ ಎಲ್ಲರೂ ತಟ್ಟೆ ಬಿಟ್ಟು ತಿರುಗಿ ನೋಡಿದ್ದರು. ತಾನು ಕಿರುಚಿದ್ದೆನೆಂದು ಅವರ ಮುಖಗಳಿಂದ ತಿಳಿಯಿತು. ಅಂದಿನಿಂದ ಬಾಯಿಗೂ ಬೀಗ.

ಬಿಗುಮಾನ, ಎಂದುಕೊಂಡರು ಜನ. ಕಿವುಡಿ ಎನ್ನಿಸಿಕೊಳ್ಳುವುದಕ್ಕಿಂತ ಅದೇ ವಾಸಿಯೆನಿಸಿತ್ತು.

ಒಬ್ಬಳು ಮಾತ್ರ ಬಿಗುಮಾನ ಎಂದುಕೊಂಡಿರಲಿಲ್ಲ. ಹಾಗೆಂದು ಸ್ಟೆನೊ ನಂಬಿದ್ದಳು. ಕೋಣೆಯ ಇನ್ನೊಂದು ಮಂಚದ ಟೇಲರಮ್ಮ. ಬಟ್ಟೆ ಹೊಲಿದೂ ಹೊಲಿದೂ ದಣಿದ ಕಣ್ಣು, ಈಗ ಪೂರ್ತಿ ಆರಿತ್ತು. ಒಂದು ಸಂಜೆ ಗೋಡೆ ತಡವುತ್ತಿದ್ದವಳನ್ನು ಸ್ಟೆನೊ ಕೈಹಿಡಿದು ಕೂರಿಸಿದ್ದಳು. ಟೇಲರಮ್ಮ ಆ ಕೈ ಬಿಡಲಿಲ್ಲ. ಏನೇನೋ ಹೇಳಿದಳು. ಅಂದಿನಿಂದ ದಿನಾ ಸಂಜೆ ಅವಳು ಹೇಳುವಳು, ಇವಳು ಕೈಹಿಡಿದು ತಲೆಯಾಡಿಸುವಳು. ತಲೆಯಾಡಿಸಿದ್ದು ಅವಳಿಗೆ ಕಾಣುವುದಿಲ್ಲವೆಂದು ಎಷ್ಟೋ ದಿನಗಳ ಮೇಲೆ ಹೊಳೆದು, ಒಬ್ಬಳೇ ನಕ್ಕಿದ್ದಳು.

ಸ್ಟೆನೊಳ ಬದುಕಿನಲ್ಲಿ ಬರೆದುಕೊಳ್ಳದೆ ಕೇಳಿದ ಮಾತುಗಳೆಂದರೆ ಅವೇ. ಕೇಳಿಸದ ಮಾತುಗಳು.

ಇವತ್ತು ಉತ್ತರ ಕೊಡಬೇಕು. ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು ಹೇಳಿ ನೋಡಿದಳು: "ನಾನು ಇಲ್ಲೇ ಇದ್ದೀನಿ." ತೀರ ಜೋರು. ಮತ್ತೆ, ಮೆಲ್ಲಗೆ. ಯಾರದೋ ಮುದುಕಿಯ ದನಿ. ಅದಕ್ಕೆ ಒಗ್ಗಿಕೊಳ್ಳುವಷ್ಟರಲ್ಲಿ ಸಂಜೆಯಾಯಿತು.

ಮಂಚದ ಅಂಚಿನಲ್ಲಿ ಕೂತು ಕೈ ಹಿಡಿದಳು.

"ಬಂದ್ಯಾ ಅಕ್ಕಾ?"

ತುಟಿಯವರೆಗೆ ಬಂದಿದ್ದ ಮಾತು ನಿಂತಿತು. ಸ್ಟೆನೊ ಯಾರಿಗೂ ಅಕ್ಕನಾಗಿರಲಿಲ್ಲ.

"ಕೈ ಎಷ್ಟು ತಣ್ಣಗಿದೆ. ಅಷ್ಟು ದೂರ ನಡ್ಕೊಂಡೇ ಬಂದ್ಯಾ? ಹಟಮಾರಿ." ಟೇಲರಮ್ಮನ ಹೆಬ್ಬೆರಳು ಸ್ಟೆನೊಳ ನಡುಬೆರಳನ್ನು, ಪೆನ್ಸಿಲು ಒತ್ತಿ ಒತ್ತಿ ಕಟ್ಟಿದ ಗಂಟನ್ನು, ಸವರಿತು. "ಸೂಜಿ ಗಂಟು ಇನ್ನೂ ಹಾಗೇ ಇದೆ ನೋಡು. ಇದಿಲ್ದಿದ್ರೆ ನೀನೇ ಅಂತ ನಂಗೆ ಹೇಗೆ ಗೊತ್ತಾಗ್ತಿತ್ತು? ಮೊದಲಿಂದ ಬಾಯಿ ಬಿಡೋ ಪೈಕಿ ಅಲ್ಲ ನೀನು."

ಹೊರಗೆ ಯಾರೋ ಬಕೆಟ್ ಎಳೆದರು. ಸದ್ದು ತಲೆಯೊಳಗೆ ಕೆರೆಯಿತು.

"ನನ್ನ ರೂಮಿನವಳು ಇವತ್ತು ಬೆಳಿಗ್ಗೆಯೂ ತುಟಿ ಪಿಟಕ್ ಅನ್ನಲಿಲ್ಲ. ನೀರಿನ ಲೋಟ ಎಲ್ಲಿದೆ ನೋಡಮ್ಮ ಅಂದೆ. ಊಹೂಂ. ಗೋಡೆ ಜೊತೆ ಸಂಸಾರ ಅಕ್ಕಾ. ಗೋಡೆಯಾದ್ರೂ ತಡವಿದ್ರೆ ಕೈಗೆ ಸಿಗುತ್ತೆ."

ಬರೆದುಕೊಳ್ಳುವ ಹಳೆಯ ಅಭ್ಯಾಸಕ್ಕೆ ಬೆರಳುಗಳು ಬಿಗಿದುಕೊಂಡವು. ತನ್ನ ವಿರುದ್ಧದ ಸಾಕ್ಷ್ಯ. ಬಾಯಿ ತೆರೆದರೆ ಅಕ್ಕ ಆ ಕ್ಷಣವೇ ಸಾಯುತ್ತಾಳೆ. ತೆರೆಯದಿದ್ದರೆ ಆಚೆ ಮಂಚದ ಗೋಡೆ ಗೋಡೆಯಾಗಿಯೇ ಉಳಿಯುತ್ತದೆ. ಈ ಕೈ ಪಡೆದ ಪ್ರೀತಿಯ ಮೇಲೆ ಅವಳಿಗೇ ಹೊಟ್ಟೆಕಿಚ್ಚಾಯಿತು.

"ಆದ್ರೂ ಪಾಪ," ಟೇಲರಮ್ಮ ದನಿ ತಗ್ಗಿಸಿದಳು. "ಅವಳನ್ನ ನೋಡೋಕೆ ಒಬ್ರೂ ಬರಲ್ಲ. ನಿದ್ದೇಲಿ ಅಳ್ತಾಳೆ ಕಣೇ. ಎಷ್ಟು ಜೋರು ಅಂತೀಯ. ಅವಳಿಗೇ ಅದು ಗೊತ್ತಿಲ್ಲ ಅಂತ ಕಾಣುತ್ತೆ."

ಸ್ಟೆನೊ ತನ್ನ ಖಾಲಿ ಮಂಚದತ್ತ ನೋಡಿದಳು.

"ಹೋಗ್ತಾ ಅವಳ ಹತ್ರಾನೂ ಒಂದು ಗಳಿಗೆ ಕೂತು ಹೋಗು. ಏನೂ ಹೇಳ್ಬೇಡ. ಸುಮ್ನೆ ಕೈ ಹಿಡ್ಕೋ, ನನ್ನದು ಹಿಡೀತೀಯಲ್ಲ ಹಾಗೆ. ಹೋಗೇ, ನಂಗೇನು ಬೇಜಾರಿಲ್ಲ."

ಅವಳೇ ಬೆರಳು ಬಿಡಿಸಿಕೊಂಡು ಸ್ಟೆನೊಳ ಮೊಣಕೈಯನ್ನು ಮೆಲ್ಲಗೆ ತಳ್ಳಿದಳು.

ಎರಡು ಮಂಚಗಳ ನಡುವೆ ಸ್ಟೆನೊ ನಿಂತಳು. ಆಮೇಲೆ ತನ್ನ ಮಂಚದ ಬಳಿಗೆ ಹೋಗಿ, ಮಲಗಿದವರನ್ನು ಎಬ್ಬಿಸಬಾರದೆಂಬಂತೆ, ಅಂಚಿನಲ್ಲಿ ಕೂತಳು. ಹೊದಿಕೆಯ ಮೇಲೆ ಯಾರೂ ಇರಲಿಲ್ಲ.

"ಹಿಡಿದ್ಯಾ?" ಟೇಲರಮ್ಮ ಪಿಸುಗುಟ್ಟಿದಳು.

ಟೇಲರಮ್ಮನ ಮುಖ ಇತ್ತ ತಿರುಗಿ ಕಾಯುತ್ತಿತ್ತು. ಸ್ಟೆನೊ ಬಲಗೈಯಿಂದ ತನ್ನ ಎಡಗೈಯನ್ನು ಹಿಡಿದುಕೊಂಡಳು. ಟೇಲರಮ್ಮನ ಹಿಡಿತದಲ್ಲಿ ಬೆಚ್ಚಗಾಗಿದ್ದ ಬಲಗೈ ನಿಧಾನವಾಗಿ ಇನ್ನೊಂದರಷ್ಟೇ ತಣ್ಣಗಾಗುತ್ತಿತ್ತು.