ರಕ್ಷಿತಾ ಕೋಳಿ ಕತ್ತರಿಸಲು ಕಲಿತದ್ದು

ಚೆಫ್ ಕೇಳಿದ್ದು ಒಂದೇ ಪ್ರಶ್ನೆ. "ನಾನ್‌ವೆಜ್ ಮುಟ್ತೀಯಾ?"

ರಕ್ಷಿತಾ ಬಾಯಿ ತೆರೆಯುವ ಮೊದಲೇ ಅವಳ ಮುಖ ಉತ್ತರ ಕೊಟ್ಟುಬಿಟ್ಟಿತು. ರಿಂಗ್ ರೋಡಿನ ಆ ದೊಡ್ಡ ಹೋಟೆಲಿಗೆ ಅವಳ ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜಿನಿಂದ ಟ್ರೈನಿಂಗ್‌ಗೆಂದು ಸಂದರ್ಶನಕ್ಕೆ ಹೋದವರಲ್ಲಿ ಅವಳೊಬ್ಬಳನ್ನು ಬಿಟ್ಟು ಉಳಿದವರೆಲ್ಲ ಆಯ್ಕೆಯಾದರು.

ಮುಂದಿನ ಸೆಮಿಸ್ಟರ್ ಪೂರ್ತಿ ಯಾವುದಾದರೂ ಹೋಟೆಲಿನಲ್ಲಿ ಕೆಲಸ ಮಾಡಲೇಬೇಕು, ಇಲ್ಲದಿದ್ದರೆ ಪಾಸಾಗುವಂತಿಲ್ಲ. ಟ್ರೈನಿಂಗ್ ನೋಡಿಕೊಳ್ಳುವ ಚನಬಸಪ್ಪ ಸರ್ ಅವಳನ್ನು ಕೋಣೆಗೆ ಕರೆದು ಕೂರಿಸಿದರು.

"ರಿಸೆಪ್ಷನ್ ಕಡೆ ಕೇಳಲೇನಮ್ಮಾ? ನಿನ್ನ ಇಂಗ್ಲಿಷ್ ಚೆನ್ನಾಗಿದೆ. ಅಲ್ಲಿ ಈ ತಾಪತ್ರಯ ಇರಲ್ಲ."

"ನಂಗೆ ಅಡುಗೆಮನೇನೇ ಬೇಕು ಸರ್."

"ಕಾಲೇಜಲ್ಲಿ ಇಷ್ಟು ದಿನ ಹೇಗೆ ನಡೆಸಿದೆ?"

ಅವಳು ತಲೆ ತಗ್ಗಿಸಿದಳು. ಪ್ರಾಕ್ಟಿಕಲ್ ತರಗತಿಯಲ್ಲಿ ಮಾಂಸದ ಪಾಲು ಬಂದಾಗಲೆಲ್ಲ ಜೊತೆಗಾರ್ತಿಗೆ ಅದನ್ನು ದಾಟಿಸಿ, ಅವಳ ಪಾಲಿನ ತರಕಾರಿ, ಸಾಸು, ಸೂಪು ಎಲ್ಲವನ್ನೂ ತಾನು ಮಾಡಿ ದಿನ ದೂಡಿದ್ದಳು. ಸರ್ ಬೈಯಲಿಲ್ಲ. ಫೋನ್ ತೆಗೆದರು. ವೈಟ್‌ಫೀಲ್ಡ್‌ನ ಹೋಟೆಲೊಂದರ ಚೆಫ್ ಅವರಿಗೆ ಹಳೆಯ ಪರಿಚಯ. ಮಾತು ಮುಗಿಸಿ ಹೇಳಿದರು: "ಎರಡು ವಾರ ಬಿಟ್ಟು ಬಾ ಅಂದಿದ್ದಾರೆ. ಅವರು ಬಾಯಿಮಾತು ನಂಬೋರಲ್ಲ, ಕೈಗೆ ಚಾಕು ಕೊಟ್ಟು ನೋಡ್ತಾರೆ. ತಿನ್ನು ಅಂತ ಯಾರೂ ಹೇಳಲ್ಲ. ಕೋಳಿ ಕತ್ತರಿಸೋದಾದ್ರೂ ಕಲಿತ್ಕೊಂಡು ಹೋಗು."

ಮಹದೇವಪುರದ ಅಪಾರ್ಟ್‌ಮೆಂಟಿನಲ್ಲಿ ಆ ರಾತ್ರಿ ರೊಟ್ಟಿ ಪಲ್ಯದ ಊಟದ ಜೊತೆ ಈ ಮಾತೂ ಬಂತು. ಅದು ಮೊಟ್ಟೆ ಕೂಡ ಒಳಗೆ ಬಾರದ ಮನೆ. ಅಪ್ಪ ವಿಶ್ವನಾಥ್ ರಾಣೆಬೆನ್ನೂರಿನ ಕಡೆಯವರು, ಇಲ್ಲಿಯ ಫ್ಯಾಕ್ಟರಿಯೊಂದರಲ್ಲಿ ಮ್ಯಾನೇಜರ್. ಮಗಳ ಮಾತು ಕೇಳಿ, ರೊಟ್ಟಿ ಮುರಿಯುತ್ತಿದ್ದ ಅವರ ಕೈ ನಿಂತಿತು.

"ಬೇರೆ ಕೋರ್ಸ್ ತಗೋ ಅಂತ ಅವತ್ತೇ ಹೇಳಿದ್ದೆ" ಎಂದಷ್ಟೇ ಹೇಳಿ ಎದ್ದು ಕೈ ತೊಳೆದರು. ಅಮ್ಮ ಯಾರ ಕಡೆಗೂ ನೋಡದೆ ತಟ್ಟೆ ಎತ್ತಿದರು.

ಮಾತಾಡಿದವರು ಅಜ್ಜಿ, ಬಸಮ್ಮ. ದಿನವೂ ಲಿಂಗಪೂಜೆ ಮಾಡದೆ ನೀರು ಮುಟ್ಟದವರು.

"ವಿಶ್ವನಾಥಾ, ಹೋದ ವರ್ಷ ಕಾಲು ಮುರಕೊಂಡು ಆಸ್ಪತ್ರಿಯಾಗ ಬಿದ್ದಿದ್ನಲ್ಲ, ನನ್ನ ಮೈ ತೊಳೆದಾಕಿ ಏನು ಉಣ್ತಿದ್ಲು ಅಂತ ನೀನು ಕೇಳಿದ್ಯಾ? ನಾನೂ ಕೇಳಲಿಲ್ಲ. ಬಂದ ಮಂದಿಗೆ ಅವರು ಉಣ್ಣೋದನ್ನ ನೀಡೋದು ಹೋಟ್ಲಿನೋರ ಕೆಲಸ. ಹುಡುಗಿ ಆ ಕೆಲಸ ಹಿಡದಾಳ. ಅರ್ಧ ಕಲ್ತು ನಿಂದ್ರಬಾರದು."

ಅಜ್ಜಿ ಮೊಮ್ಮಗಳ ಕಡೆ ತಿರುಗಿದರು. "ದೊಡ್ಡನೆಕ್ಕುಂದಿಯಾಗ ನಾನು ಸೊಪ್ಪು ತರ್ತೀನಲ್ಲ, ಅದರ ಬಾಜೂಕ ರಾಮಮ್ಮಂದು ಕೋಳಿ ಅಂಗಡಿ ಐತಿ. ನನ್ನ ಮಂಡಿನೋವು, ಆಕಿ ಮಂಡಿನೋವು ಎರಡೂ ಒಂದೇ. ನಾಳೆ ಹೋಗಿ ಕೇಳೋಣ ನಡಿ."

ಆ ಅಂಗಡಿಯ ಮುಂದೆ ರಕ್ಷಿತಾ ಚಿಕ್ಕಂದಿನಿಂದ ಮುಖ ಆಚೆ ತಿರುಗಿಸಿ ನಡೆದವಳು. ಅಜ್ಜಿ ಅಲ್ಲಿ ನಿಂತು ಮಂಡಿನೋವಿನ ಕಷ್ಟ ಹಂಚಿಕೊಂಡು ಬರುತ್ತಾರೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಬೆಳಿಗ್ಗೆ ವಿಷಯ ಕೇಳಿ ರಾಮಮ್ಮ ಕೈ ಅಲ್ಲಾಡಿಸಿಬಿಟ್ಟಳು. "ಬ್ಯಾಡಿ ಅಮ್ಮಾರೆ. ನಾಳೆ ನಿಮ್ಮನೇರು ಬಂದು ನನ್ನ ಬೈತಾರೆ."

"ಮನಿಯಾಕಿ ನಾನೇ ಬಂದೀನಲ್ಲ. ಇನ್ಯಾರು ಬರ್ಬೇಕು?" ಎಂದ ಅಜ್ಜಿ, ಸೊಪ್ಪಿನವಳ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಇಸಕೊಂಡು, ಮೂಗಿಗೆ ಸೆರಗು ಹಿಡಿದು ಅಂಗಡಿಯ ಹೊರಗೆ ಕೂತೇಬಿಟ್ಟರು.

ಮೊದಲ ದಿನ ರಕ್ಷಿತಾಳಿಂದ ಏನೂ ಆಗಲಿಲ್ಲ. ವಾಸನೆ ತಡೆಯಲಾರದೆ ನಲ್ಲಿಯ ಹತ್ತಿರ ಹೋಗಿ ಮತ್ತೆ ಮತ್ತೆ ಮುಖ ತೊಳೆದಳು. ರಾಮಮ್ಮ ನಗಲೂ ಇಲ್ಲ, ಅವಸರ ಮಾಡಲೂ ಇಲ್ಲ. "ಕೊಯ್ಯೋದು ನನ್ ಕೆಲ್ಸ. ಅದು ನಿಂಗೆ ಬ್ಯಾಡ. ಕಿಲೀನ್ ಮಾಡಿದ್ದು ಕೊಡ್ತೀನಿ, ಇವತ್ತು ಸುಮ್ನೆ ಇಡ್ಕೊಂಡಿರು ಸಾಕು" ಎಂದಳು. ತಣ್ಣಗಿನ ಆ ತೂಕವನ್ನು ಅಂಗೈಯಲ್ಲಿಟ್ಟುಕೊಂಡು ರಕ್ಷಿತಾ ಉಸಿರು ಬಿಗಿಹಿಡಿದು ನಿಂತಳು. ಹೊರಗೆ ಅಜ್ಜಿ ಸೊಪ್ಪಿನವಳ ಜೊತೆ ದಂಟಿನ ಸೊಪ್ಪು ಎಳೆಯದೋ ಬಲಿತದ್ದೋ ಎಂದು ವಾದಿಸುವುದು ಕೇಳುತ್ತಿತ್ತು. ಆ ದನಿಯೇ ಅವಳನ್ನು ನಿಲ್ಲಿಸಿತು.

ಮಾರನೆಯ ದಿನದಿಂದ ಚಾಕು ಕೈಗೆ ಬಂತು. "ಮೊದ್ಲು ಬೆಳ್ಳಲ್ಲಿ ಸಂದು ಉಡ್ಕು. ಚಾಕು ಆಮ್ಯಾಕೆ" ಎನ್ನುತ್ತಾ ರಾಮಮ್ಮ ಅವಳ ಬೆರಳಿನ ಮೇಲೆ ತನ್ನ ಬೆರಳಿಟ್ಟು ಮೂಳೆ ಕೂಡುವ ಜಾಗ ತೋರಿಸಿದಳು. ದಿನ ಕಳೆದಂತೆ ನಲ್ಲಿಯ ಹತ್ತಿರ ಓಡುವುದು ನಿಂತಿತು. ಆದರೆ ಒಂದು ಬೆಳಿಗ್ಗೆ ಬೇರೆಯದೇ ಸಂಕಟ ಬಂತು. ಪಂಜರದೊಳಗಿನ ಕೋಳಿಯೊಂದು ಅವಳನ್ನೇ ನೋಡುತ್ತಿದ್ದಂತೆ ಅನ್ನಿಸಿ ಕಣ್ಣು ತುಂಬಿತು.

"ಪಾಪ ಅನ್ಸುತ್ತೆ ರಾಮಮ್ಮ."

"ಅನ್ನಿಸ್ಲಿ ಬುಡು. ನಂಗೂ ಅನ್ನಿಸ್ತದೆ. ಅದ್ಕೇ ಒಂದು ತುಂಡೂ ಆಳು ಮಾಡಾಕಿಲ್ಲ ನಾನು."

ಮನೆಗೆ ಬರುವಷ್ಟರಲ್ಲಿ ಅಮ್ಮ ಬಿಸಿನೀರು ಕಾಯಿಸಿ, ಬದಲಿಸುವ ಬಟ್ಟೆ ಬಚ್ಚಲಿನಲ್ಲಿ ಇಟ್ಟಿರುತ್ತಿದ್ದರು. ಸ್ನಾನವಾಗುವ ತನಕ ಅಡುಗೆಮನೆಗೆ ಬಾರದಂತೆ ಕಣ್ಣಲ್ಲೇ ಹೇಳುತ್ತಿದ್ದರು. ಸ್ನಾನವಾದ ಮೇಲೆ ಬಿಸಿ ಬಿಸಿ ಉಪ್ಪಿಟ್ಟು ಮುಂದಿಡುತ್ತಿದ್ದರು. ಅಪ್ಪ ಮಾತ್ರ ಈ ವಿಷಯ ಎತ್ತುತ್ತಲೇ ಇರಲಿಲ್ಲ. ಇಂಟರ್‌ವ್ಯೂ ಹತ್ತಿರ ಬಂದಾಗ ಒಂದು ಸಂಜೆ ಫ್ಯಾಕ್ಟರಿಯಿಂದ ಬಂದವರು ಕಪ್ಪು ಬೂಟಿನ ಡಬ್ಬಿಯೊಂದನ್ನು ಸೋಫಾದ ಮೇಲಿಟ್ಟರು.

"ಹೋಟೆಲ್ ಅಡುಗೆಮನೆ ನೆಲ ಜಾರುತ್ತಂತೆ. ನಮ್ಮ ಫ್ಯಾಕ್ಟರಿಗೆ ಸೇಫ್ಟಿ ಶೂ ಕೊಡ್ತಾನಲ್ಲ, ಅವನ ಹತ್ರ ತರಿಸ್ದೆ. ಹಾಕಿ ನೋಡು, ಬಿಗಿ ಆದ್ರೆ ಬದಲಾಯಿಸ್ತಾನೆ."

ಬೂಟು ಬಿಗಿಯಾಗಿರಲಿಲ್ಲ. ರಕ್ಷಿತಾ ಅದನ್ನು ಹಾಕಿಕೊಂಡು ಹಾಲ್‌ನಲ್ಲಿ ಅತ್ತಿಂದಿತ್ತ ನಡೆದಳು. ಅಪ್ಪ ಪೇಪರ್ ಓದುವವರಂತೆ ಕೂತು ಅವಳ ಕಾಲುಗಳನ್ನೇ ನೋಡುತ್ತಿದ್ದರು.

ವೈಟ್‌ಫೀಲ್ಡ್‌ನ ಚೆಫ್ ದಪ್ಪ ಮೀಸೆಯ, ಕಡಿಮೆ ಮಾತಿನ ಮನುಷ್ಯ. ಚನಬಸಪ್ಪ ಸರ್ ಹೇಳಿದ್ದಂತೆಯೇ ಅವಳ ಮುಂದೆ ಹಲಗೆ, ಚಾಕು, ಇಡೀ ಕೋಳಿ ಇಟ್ಟು ಪಕ್ಕದಲ್ಲಿ ನಿಂತರು. ಅವಳು ಬೆರಳಿನಿಂದ ಸಂದು ಹುಡುಕಿದಳು, ಆಮೇಲೆ ಚಾಕು ಹಾಕಿದಳು. ನಿಧಾನವಾಯಿತು, ಆದರೆ ಎಲ್ಲೂ ನಿಲ್ಲಲಿಲ್ಲ.

"ಇದು ಅಂಗಡಿಯವರ ಕಟಿಂಗ್, ಮನೆ ಸಾರಿಗೆ ಸರಿ" ಎಂದರು ಚೆಫ್. "ಇಲ್ಲಿ ಒಂದೊಂದು ಡಿಶ್‌ಗೆ ಒಂದೊಂದು ತರ. ಮಾಡಿದ ಅಡುಗೆ ರುಚಿ ನೋಡ್ತೀಯಾ?"

"ಇಲ್ಲ ಚೆಫ್. ನಾನು ತಿನ್ನಲ್ಲ, ಇದುವರೆಗೂ ತಿಂದಿಲ್ಲ. ಯಾವ ಕೆಲಸ ಕೊಟ್ರೂ ಮಾಡ್ತೀನಿ. ಉಪ್ಪು ಖಾರ ನೋಡೋಕೆ ಮಾತ್ರ ಪಕ್ಕದವರನ್ನ ಕೇಳ್ತೀನಿ."

ಚೆಫ್ ಹಲಗೆಯ ಮೇಲಿನ ತುಂಡುಗಳನ್ನು ಇನ್ನೊಮ್ಮೆ ನೋಡಿದರು. "ಕೇಳು. ಕೇಳೋಕೆ ನಾಚಿಕೊಳ್ಳಬೇಡ. ಕಟಿಂಗ್ ನಾವು ಕಲಿಸ್ತೀವಿ. ಕೈ ಹೆದರ್ತಿಲ್ಲ, ಅಷ್ಟು ಸಾಕು. ಸೋಮವಾರ ಬಾ."

ಅವಳು ಬಸ್ಸಿಳಿದು ಮನೆಗೆ ಹೋಗುವ ಬದಲು ನೇರ ದೊಡ್ಡನೆಕ್ಕುಂದಿಗೆ ನಡೆದಳು. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಸುದ್ದಿ ಕೇಳಿದ ರಾಮಮ್ಮ ಅವರಿಗೆಲ್ಲ "ನಮ್ ಉಡ್ಗಿ. ವೈಟ್‌ಫೀಲ್ಡ್ ಓಟ್ಲಾಗೆ ಅಡುಗೆ ಕೆಲ್ಸ ಸಿಕ್ತು" ಎಂದು ಸಾರಿದಳು. ಥ್ಯಾಂಕ್ಸ್ ಅನ್ನಬೇಕೆಂದುಕೊಂಡೇ ಬಂದಿದ್ದ ರಕ್ಷಿತಾಳಿಗೆ ಆ ಮಾತು ತೀರಾ ಸಣ್ಣದೆನಿಸಿತು. ನೀರು ಹರಿದು ಒದ್ದೆಯಾದ ನೆಲದ ಮೇಲೆ ಬಗ್ಗಿ ರಾಮಮ್ಮನ ಕಾಲು ಮುಟ್ಟಿದಳು.

"ಏಯ್, ಏಳಮ್ಮಾ. ಕೈ ವದ್ದೆ ಐತೆ, ಎತ್ತಕ್ಕೂ ಆಗಾಕಿಲ್ಲ" ಎಂದಳು ರಾಮಮ್ಮ. ಒದ್ದೆ ಕೈಗಳನ್ನು ಗಾಳಿಯಲ್ಲಿ ಹಿಡಿದು, ಮೊಣಕೈಯಿಂದಲೇ ಅವಳ ಭುಜ ತಟ್ಟಿದಳು.

ಹೋಟೆಲಿನಲ್ಲಿ ಮೊದಲ ವಾರ ಯಾರೂ ಅವಳ ಕೈಗೆ ಕೋಳಿ ಕೊಡಲಿಲ್ಲ. ಮೂಟೆಗಟ್ಟಲೆ ಈರುಳ್ಳಿ ಸುಲಿದು ಹೆಚ್ಚುವುದೇ ಕೆಲಸ. ಸಂಜೆಯ ಬಿಡುವಿನಲ್ಲಿ ಅವಳು ಹೊರಗೆ ನಿಂತು ಮಾಡಿದ ಫೋನಿನಲ್ಲಿ ಇದನ್ನು ಕೇಳಿ ಅಜ್ಜಿ ಬಹಳ ಹೊತ್ತು ನಕ್ಕರು. ರಕ್ಷಿತಾಳೂ ನಕ್ಕಳು. ಅಜ್ಜಿ ಪೂಜೆ ಬಿಟ್ಟಿರಲಿಲ್ಲ, ಅಮ್ಮ ಮಡಿ ಬಿಟ್ಟಿರಲಿಲ್ಲ, ಅಪ್ಪ ತಮ್ಮ ಮಾತು ಹಿಂತೆಗೆದುಕೊಂಡಿರಲಿಲ್ಲ. ಹಾಗಿದ್ದೂ ಎಲ್ಲರೂ ಸೇರಿ ತನ್ನನ್ನು ಇಲ್ಲಿಯತನಕ ತಂದು ಬಿಟ್ಟಿದ್ದಾರಲ್ಲ ಅನ್ನಿಸಿತು ಅವಳಿಗೆ. ಅಷ್ಟರಲ್ಲಿ ಒಳಗಿನಿಂದ ಯಾರೋ ಅವಳ ಹೆಸರು ಕೂಗಿದರು. "ಇಡ್ತೀನಿ ಅಜ್ಜೀ, ಕರೀತಿದ್ದಾರೆ" ಎಂದು ಹೇಳಿ, ಟೋಪಿ ಸರಿಮಾಡಿಕೊಂಡು ಒಳಗೆ ಹೋದಳು.