ತೊಲೆಯ ಮೇಲೆ ಮೂರು ಬಡಿತ

"ಲೈಸೆನ್ಸ್ ಬೇಕಂತೆ ಇವ್ನಿಗೆ, ಲೈಸೆನ್ಸು! ಲೇ ಬೋಳಿಮಗನೆ, ನಿಂಗೆ ಪಾನಾ ಹಿಡಿಯೋದ್ ಕಲ್ಸಿದ್ ಯಾವನ್ಲಾ? ನಾನು. ಈಗ ನನ್ ತಟ್ಟೇಗೇ ಕೈ ಹಾಕ್ತೀಯ?"

ಎಸಿ ಕಂಪನಿಯ ಧಣಿ ಪ್ರೂಯಿಟ್ ತನ್ನ ಕಾಫಿ ಲೋಟವನ್ನು ಅನ್ಸೆಲ್ಮೊನ ಕಾಗದದ ಮೇಲೆಯೇ ಕುಕ್ಕಿದ. ಕಾಗದ ವ್ಯಾನಿನ ಬಾನೆಟ್ಟಿನ ಮೇಲಿತ್ತು. ಅಂಗಳದಲ್ಲಿ ಕೆಲಸಕ್ಕೆ ಹೊರಟು ನಿಂತಿದ್ದವರೆಲ್ಲ ಏಣಿ ಕಟ್ಟುವುದನ್ನು ಬಿಟ್ಟು ಇತ್ತ ನೋಡಿದರು. ಅನ್ಸೆಲ್ಮೊ ಟೋಪಿಯನ್ನು ಕೈಯಲ್ಲಿ ಹಿಂಡುತ್ತಾ ನಿಂತಿದ್ದ.

ಅವನು ಕೇಳಿದ್ದು ಒಂದು ಸಹಿ, ಅಷ್ಟೇ. ಟೆಕ್ಸಸ್ ಸರ್ಕಾರದ ಕಾನೂನು ಹಾಗಿದೆ. ಎಸಿ ಕೆಲಸವನ್ನು ಸ್ವಂತಕ್ಕೆ ಹಿಡಿಯಬೇಕೆಂದರೆ ಲೈಸೆನ್ಸ್ ಇದ್ದವನ ಕೈಕೆಳಗೆ ನಾಲ್ಕು ವರ್ಷ ದುಡಿದಿರಬೇಕು. ದುಡಿದದ್ದು ನಿಜ ಎಂದು ಆ ಧಣಿಯೇ ಸಹಿ ಹಾಕಬೇಕು. ಆಮೇಲೆ ಪರೀಕ್ಷೆ. ಅನ್ಸೆಲ್ಮೊ ದುಡಿದದ್ದು ಅದರ ಎರಡರಷ್ಟು. ಆದರೆ ಸಹಿ ಹಾಕಿದರೆ ಆಳು ಕೈಬಿಟ್ಟು ಹೋಗುತ್ತಾನೆಂದು ಯಾವ ಧಣಿಗೆ ಗೊತ್ತಿರುವುದಿಲ್ಲ?

"ಹಾಕ್ಬುಡಿ ಧಣಿ," ಎಂದು ಹಿಂದಿನಿಂದ ಫಿದೆನ್ಸಿಯೊ ಕೂಗಿದ. "ಇವ್ನು ಲೈಸೆನ್ಸ್ ತಗಂಡು ಅದೆಲ್ಲಿಗ್ ಹೋಯ್ತಾನೆ? ನಿಮ್ಮತ್ತೆ ಮನೆ ಎಸಿ ಕೆಟ್ಟಾಗ ನೀವೇ ಇವ್ನಿಗೆ ಫೋನ್ ಹಚ್ತೀರ."

ಅಂಗಳಕ್ಕೆ ಅಂಗಳವೇ ನಕ್ಕಿತು. ಪ್ರೂಯಿಟ್ ಕೂಡ ನಕ್ಕ. ನಗುತ್ತಲೇ ಲೋಟ, ಕಾಗದ ಎರಡನ್ನೂ ಎತ್ತಿಕೊಂಡು ಬಾನೆಟ್ ತೆರೆದು, ಎಂಜಿನ್ನಿನ ಎಣ್ಣೆ ಕಡ್ಡಿಯನ್ನು ಎಳೆದು, ಆ ಕಾಗದದಿಂದ ಒರೆಸಿದ. ಉಂಡೆ ಮಾಡಿ ಅನ್ಸೆಲ್ಮೊನ ಜೇಬಿಗೆ ತುರುಕಿದ.

"ನಡೀರಲೇ, ಬಿಸ್ಲು ಏರ್ತಾ ಅದೆ."

ವ್ಯಾನಿನಲ್ಲಿ ಅನ್ಸೆಲ್ಮೊ ಉಂಡೆಯಾದ ಕಾಗದವನ್ನು ಅಂಗೈಯಲ್ಲಿ ಬಿಡಿಸಿ ನೋಡಿದ. ಫಿದೆನ್ಸಿಯೊ ಹಾಳೆಯಲ್ಲಿ ಸುತ್ತಿದ್ದ ಟಾಕೊ ರೊಟ್ಟಿ ಬಿಚ್ಚಿ ಅರ್ಧ ಅವನ ತೊಡೆಯ ಮೇಲಿಟ್ಟ. ಅನ್ಸೆಲ್ಮೊನ ಮಗಳಿಗೆ ಇಗರ್ಜಿಯಲ್ಲಿ ಜ್ಞಾನಸ್ನಾನ ಮಾಡಿಸುವಾಗ ಕೂಸನ್ನು ಎತ್ತಿಕೊಂಡಿದ್ದವನು ಈ ಫಿದೆನ್ಸಿಯೊ. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕೊಂಪಾದ್ರೆ, ಅವರ ಹೆಂಡಂದಿರು ಕೊಮಾದ್ರೆ. ಒಡಹುಟ್ಟಿದವರಿಗಿಂತ ಒಂದು ಕೈ ಹೆಚ್ಚು. ಗಡಿ ದಾಟಿ ಬಂದ ಫಿದೆನ್ಸಿಯೊಗೆ ಕಾಗದಪತ್ರವಿಲ್ಲ, ಈ ಜನ್ಮದಲ್ಲಿ ಲೈಸೆನ್ಸ್ ಸಿಗುವುದಿಲ್ಲ. ಅವನ ಆಸೆಯೆಲ್ಲ ಅನ್ಸೆಲ್ಮೊನ ಲೈಸೆನ್ಸಿನ ಮೇಲೆಯೇ.

"ಉಣ್ಣು. ಇನ್ನೊಂದ್ ಕಾಗ್ದ ತಂದ್ರಾಯ್ತು. ಒಂದಿನ ನಮ್ ವ್ಯಾನಿನ್ ಎರ್ಡೂ ಮಗ್ಗಲ್ಗೂ ನಿನ್ ಲೈಸೆನ್ಸ್ ನಂಬರ್ ಬರ್ಕಂಡ್ ತಿರುಗ್ತೀವಿ ನೋಡು. ಆಗ ಅಟ್ಟದ್ ಕೆಲ್ಸ ಏನಿದ್ರೂ ಹೊತ್ತು ಹುಟ್ಟಕ್ ಮುಂಚೆ. ಮಧ್ಯಾಹ್ನದಲ್ಲಿ ಹತ್ತು ಅಂತ ಯಾವನಾರ ಅಂದ್ರೆ, ನೀನೇ ಹತ್ತಲೇ ಅಂತ ಮಕಕ್ಕೆ ಉಗಿಯಾದೆ."

ಅನ್ಸೆಲ್ಮೊಗೆ ನಗು ಬಂತು. ಟಾಕೊ ತಿಂದ.

ಅಂದಿನ ಮನೆ ಊರಿನ ಬಡಗಣ ದಿಬ್ಬದ ಮೇಲಿತ್ತು. ಎಸಿ ಕೆಟ್ಟು ಮನೆ ಕಾದಿತ್ತು. ಮನೆಯೊಡತಿ ಇವರ ಬೂಟಿಗೆ ಬಟ್ಟೆ ಚೀಲ ತೊಡಿಸಿ, ಬಚ್ಚಲನ್ನು ಬಳಸಕೂಡದೆಂದು ಹೇಳಿ, ನಾಯಿಯನ್ನು ಎತ್ತಿಕೊಂಡು ಕಾರಿನೊಳಗೆ ತಂಪು ಹಾಕಿಕೊಂಡು ಎತ್ತಲೋ ಹೊರಟುಹೋದಳು. ಸ್ಯಾನ್ ಆಂಟೋನಿಯೊದ ಆಗಸ್ಟ್. ಎಸಿಯ ಯಂತ್ರ, ಕೊಳವೆಗಳೆಲ್ಲ ಇರುವುದು ಸೂರಿನ ಕೆಳಗಿನ ಅಟ್ಟದಲ್ಲಿ; ಅಲ್ಲಿ ನಿಂತರೆ ಉಸಿರು ಮೂಗಿನಲ್ಲೇ ಸುಡುತ್ತದೆ.

ಇಂಥ ಅಟ್ಟಕ್ಕೆ ಒಬ್ಬನೇ ಹತ್ತಬಾರದು. ಇದು ಆಳುಗಳೇ ಮಾಡಿಕೊಂಡ ಕಟ್ಟಳೆ, ಧಣಿಗಳದ್ದಲ್ಲ. ಒಬ್ಬ ಮೇಲೆ, ಒಬ್ಬ ಏಣಿಯ ಬುಡದಲ್ಲಿ. ಮೇಲೆ ಬಾಯಿ ತೆರೆದು ಕೂಗುವಂತಿಲ್ಲ, ಬಿಸಿ ತಡೆಯಲು ಅಟ್ಟದ ತುಂಬ ಹಾಸಿದ ಗಾಜಿನ ನಾರು ಗಂಟಲಿಗೆ ಇಳಿಯುತ್ತದೆ. ಹಾಗಾಗಿ ಕೆಳಗಿನವನು ಆಗಾಗ ಏಣಿ ಬಡಿಯುತ್ತಾನೆ, ಮೇಲಿನವನು ಪಾನಾದಿಂದ ತೊಲೆಗೆ ಬಡಿದು ಉತ್ತರ ಕೊಡುತ್ತಾನೆ. ಒಂದು ಬಡಿತವೆಂದರೆ ಚೆನ್ನಾಗಿದ್ದೇನೆ. ಎರಡೆಂದರೆ ಸಾಮಾನು ಕೊಡು. ಮೂರೆಂದರೆ ಬಾ, ನನ್ನ ಕೈಲಾಗುತ್ತಿಲ್ಲ.

ಅಂದು ಅನ್ಸೆಲ್ಮೊ ಬೆಳಗಿನಿಂದ ಮೇಲಿದ್ದ. ಮಧ್ಯಾಹ್ನ ಫಿದೆನ್ಸಿಯೊ ಅವನನ್ನು ಎಳೆದು ಇಳಿಸಿ ತಾನು ಹತ್ತಿದ. ಸ್ವಲ್ಪ ಹೊತ್ತಿಗೆ ಹೊರಗೆ ಪ್ರೂಯಿಟ್‌ನ ಟ್ರಕ್ಕು ಬಂದು ನಿಂತಿತು. ಹಿಂದುಗಡೆ ಮಾಂಸ ಸುಡುವ ಕಬ್ಬಿಣದ ಒಲೆ, ಎಮ್ಮೆಯಷ್ಟು ದೊಡ್ಡದು.

"ಬಾರ್ಲಾ, ಪಾದ್ರಿ ಮನೇಲಿ ಇದನ್ನ ಇಳಿಸ್ಬೇಕು. ಹತ್ತೇ ನಿಮಿಷ."

"ಧಣಿ, ಫಿದೆನ್ಸಿಯೊ ಮೇಲವ್ನೆ..."

"ಅವ್ನೇನು ಹಾಲ್ ಕುಡಿಯೋ ಕೂಸಾ? ಬಾ. ನಿನ್ ಸಹಿ ವಿಚಾರಾನೂ ದಾರೀಲಿ ಮಾತಾಡಾಣ."

ಆ ಕೊನೆಯ ಮಾತು ಅನ್ಸೆಲ್ಮೊನ ಎದೆಗೆ ಹೋಗಿ ಕೂತುಬಿಟ್ಟಿತು. ಕೈಗವಸು ತರಲು ಒಳಗೆ ಓಡಿದ. ಏಣಿಯ ಹತ್ತಿರ ಬಗ್ಗಿ ಅದನ್ನು ಎತ್ತಿಕೊಳ್ಳುವಾಗ ಮೇಲೆ ತೊಲೆ ಸದ್ದು ಮಾಡಿತು. ಒಂದು. ಎರಡು. ಮೂರು. ಜೋರಾಗೇನೂ ಇರಲಿಲ್ಲ.

ಅವನು ಏಣಿಯ ಮೇಲೆ ಕೈಯಿಟ್ಟ. ಹೊರಗೆ ಹಾರ್ನ್ ಹೊಡೆಯಿತು. ನೀರು ಬೇಕಿರಬೇಕು, ಬಂದು ಕೊಟ್ಟರಾಯಿತು ಎಂದುಕೊಂಡ. ತಿರುಗಿ ಏಣಿ ಬಡಿಯಲೂ ಇಲ್ಲ. ಬಡಿದಿದ್ದರೆ ಬರುತ್ತೇನೆಂದು ಮಾತು ಕೊಟ್ಟ ಹಾಗಾಗುತ್ತಿತ್ತು. ಮತ್ತೆ ಹಾರ್ನ್ ಹೊಡೆಯಿತು. ಹೋದ.

ಒಲೆ ಇಳಿಸಿ, ಅದಕ್ಕೆ ಕಾಲು ಜೋಡಿಸಿ, ಹಿತ್ತಲಿನವರೆಗೆ ತಳ್ಳುವಷ್ಟರಲ್ಲಿ ಹತ್ತು ನಿಮಿಷ ಎಲ್ಲೋ ಕಳೆದುಹೋಗಿತ್ತು. ಪಾದ್ರಿ ಇಬ್ಬರಿಗೂ ದೇವರ ಆಶೀರ್ವಾದ ಕೋರಿ, ಪ್ರೂಯಿಟ್‌ಗೆ ಮಾತ್ರ ನಿಂಬೆ ಪಾನಕ ಕೊಟ್ಟ. ದಾರಿಯಲ್ಲಿ ಸಹಿಯ ಮಾತೇ ಬರಲಿಲ್ಲ.

ವಾಪಸು ಬಂದು ಏಣಿ ಬಡಿದಾಗ ಮೇಲಿನಿಂದ ಸದ್ದು ಬರಲಿಲ್ಲ. ಅನ್ಸೆಲ್ಮೊ ಎರಡೆರಡು ಮೆಟ್ಟಿಲು ದಾಟಿ ಹತ್ತಿದ. ಫಿದೆನ್ಸಿಯೊ ಗಾಳಿ ಕೊಳವೆಯ ಆಚೆ ಮಗ್ಗುಲಾಗಿ ಬಿದ್ದಿದ್ದ. ಮೈ ಒಣಗಿತ್ತು, ಬೆವರಿನ ಹನಿಯಿಲ್ಲ. ಕೈಯಲ್ಲಿ ಪಾನಾ ಹಾಗೇ ಇತ್ತು. ಅವನ ಮುಂದಿನ ತೊಲೆಯಲ್ಲಿ ಹಸಿ ಗುಳಿಗಳು, ಮೂರು ಮೂರರ ಗುಂಪಾಗಿ, ಬಹಳಷ್ಟು. ಕೊನೆಕೊನೆಯವು ಗುಳಿಗಳೂ ಅಲ್ಲ, ಬರೀ ಗೀರು.

ಆಂಬುಲೆನ್ಸಿನವರು ಹೆಣವನ್ನು ಇಳಿಸುವ ಗಡಿಬಿಡಿಯಲ್ಲಿದ್ದಾಗ ಅನ್ಸೆಲ್ಮೊ ಗಾಜಿನ ನಾರನ್ನು ಎಳೆದು ಆ ತೊಲೆಯ ಮೇಲೆ ಹೊದಿಸಿದ. ಯಾಕೆ ಹಾಗೆ ಮಾಡಿದನೆಂದು ಅವನನ್ನು ಆಗ ಯಾರೂ ಕೇಳಲಿಲ್ಲ. ಅವನು ಮಾತ್ರ ಆಮೇಲೆ ದಿನಾ ಕೇಳಿಕೊಂಡ. ಕೈಗೆ ಅಂಟಿದ ನಾರು ಎಷ್ಟು ತೊಳೆದರೂ ತುರಿಸುತ್ತಿತ್ತು.

ಮಣ್ಣು ಮಾಡಿ ಬಂದ ಮಾರನೆಯ ದಿನ ಪ್ರೂಯಿಟ್ ಅವನನ್ನು ಕಚೇರಿಯೊಳಗೆ ಕರೆದು ಬಾಗಿಲು ಹಾಕಿದ. ಮೇಜಿನ ಮೇಲೆ ಹೊಸ ಕಾಗದ, ಬಿಳಿಯದು, ಮಡಿಕೆ ಬೀಳದ್ದು.

"ಸರ್ಕಾರದವ್ರು ಬತ್ತಾವ್ರೆ. ನೀನು ಕೆಳ್ಗೇ ಇದ್ದೆ. ಇಳ್ಕೊಂಡ್ ಬಾ ಅಂದೆ, ಅವ್ನು ಇಳೀಲಿಲ್ಲ. ಹಿಂದಿನ್ ದಿನ ಕುಡ್ದಿದ್ದ. ಅಷ್ಟೇ ಹೇಳು ಅವ್ರಿಗೆ."

"ಅವ್ನು ಕುಡಿಯದ್ ಬುಟ್ಟು ಯಾವ್ ಕಾಲ ಆಯ್ತು ಧಣಿ."

"ಸತ್ತೋನಿಗೆ ಕುಡುದ್ರೇನು, ಬುಟ್ರೇನು? ಬದ್ಕಿರೋನ್ ನೀನು. ನಿಂಗೆ ಇದು ಬೇಕೋ, ಬ್ಯಾಡ್ವೋ?"

ಅನ್ಸೆಲ್ಮೊ ಕಾಗದವನ್ನು ನೋಡಿದ. ಇದು ಫಿದೆನ್ಸಿಯೊನ ಆಸೆಯೂ ಆಗಿತ್ತಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಹಾಗೆ ಹೇಳಿಕೊಂಡಿದ್ದಕ್ಕೆ ಅವನಿಗೇ ಹೇಸಿಗೆಯಾಯಿತು. ಆದರೂ ತಲೆಯಾಡಿಸಿದ.

ವಿಚಾರಣೆಗೆ ಬಂದವಳು ಚಿಕ್ಕ ವಯಸ್ಸಿನ ಅಧಿಕಾರಿ, ಮೆತ್ತಗಿನ ಮಾತಿನವಳು. ಅವಳು ಗದರಿದ್ದರೆ ಸುಳ್ಳು ಹೇಳುವುದು ಸಲೀಸಾಗುತ್ತಿತ್ತು.

"ನೀವು ಏಣಿ ಹತ್ರಾನೇ ಇದ್ರಾ?"

"ಇದ್ದೆ."

"ಅವರು ನಿಮ್ಮನ್ನ ಕರೆದ್ರಾ? ಏನಾದ್ರೂ ಸದ್ದು ಮಾಡಿದ್ರಾ?"

"ಇಲ್ಲ ಮೇಡಂ."

ಹಿಂದಿನ ದಿನ ಕುಡಿದಿದ್ದ, ಇಳಿ ಅಂದರೂ ಇಳಿಯಲಿಲ್ಲ ಎಂದೂ ಅವನು ಸೇರಿಸಿದ; ಅವಳು ಬರೆದುಕೊಂಡಳು. ಕಂಪನಿಯ ತಪ್ಪೇನೂ ಇಲ್ಲವೆಂದು ತೀರ್ಮಾನವಾಯಿತು; ಫಿದೆನ್ಸಿಯೊನ ಹೆಂಡತಿ ಒಫೇಲಿಯಾಗೆ ಪರಿಹಾರವೂ ಇಲ್ಲ.

ವಿಚಾರಣೆಯ ದಿನ ಅಧಿಕಾರಿಯ ಕಾರು ಮರೆಯಾದ ಮೇಲೆ ಪ್ರೂಯಿಟ್ ಜೇಬಿನಿಂದ ಪೆನ್ನು ತೆಗೆದ. ಸುತ್ತ ನೋಡಿದ. ಬರೆಯಲು ಜಾಗ ಬೇಕಾದಷ್ಟಿತ್ತು, ವ್ಯಾನುಗಳು ಸಾಲಾಗಿ ನಿಂತಿದ್ದವು.

"ಬಗ್ಗಲಾ," ಎಂದ.

ಅನ್ಸೆಲ್ಮೊ ಬಗ್ಗಿದ. ಪ್ರೂಯಿಟ್ ಅವನ ಬೆನ್ನ ಮೇಲೆ ಕಾಗದವಿಟ್ಟು, ಒಂದೊಂದೇ ಅಕ್ಷರ ಒತ್ತಿ ಒತ್ತಿ, ನಿಧಾನವಾಗಿ ಸಹಿ ಮಾಡಿದ. ಅಂಗಳದಲ್ಲಿದ್ದವರು ಈ ಸಲ ನಗಲಿಲ್ಲ. ಒಬ್ಬ ಉಗುಳಿದ. ಉಗುಳಿದ್ದು ಯಾರ ಕಡೆಗೆಂದು ಬಗ್ಗಿದ್ದ ಅನ್ಸೆಲ್ಮೊಗೆ ಕಾಣಲಿಲ್ಲ.

ಪರೀಕ್ಷೆಯ ಕೋಣೆ ಚಳಿ ಹುಟ್ಟುವಷ್ಟು ತಣ್ಣಗಿತ್ತು. ಪ್ರಶ್ನೆಗಳೆಲ್ಲ ಇಂಗ್ಲಿಷಿನಲ್ಲಿ. ಕೊಳವೆ ಎಷ್ಟು ಅಗಲ, ಗ್ಯಾಸ್ ಎಷ್ಟು ಒತ್ತಡ, ತಂತಿ ಎಷ್ಟು ದಪ್ಪ. ಅವೆಲ್ಲ ಅವನ ಕೈಗೆ ಗೊತ್ತಿದ್ದದ್ದೇ. ನಡುವೆ ಒಂದು ಪ್ರಶ್ನೆ ಬಂತು. ಇಕ್ಕಟ್ಟಿನ, ಬಿಸಿ ಜಾಗದಲ್ಲಿ ಒಬ್ಬ ಕೆಲಸ ಮಾಡುತ್ತಿರುವಾಗ ಇನ್ನೊಬ್ಬ ಏನು ಮಾಡಬೇಕು? ನಾಲ್ಕು ಉತ್ತರ ಕೊಟ್ಟಿದ್ದರು. ಜಾಗ ಬಿಟ್ಟು ಕದಲದೆ ಹೊರಗೆ ಕಾಯುತ್ತಿರಬೇಕು ಎಂಬುದು ಮೂರನೆಯದು. ಅನ್ಸೆಲ್ಮೊ ಅದನ್ನೇ ಒತ್ತಿದ. ಸರಿ ಉತ್ತರ, ಅದಕ್ಕೂ ಅಂಕ ಬಂತು. ಅವನು ಪಾಸಾದ.

ಮನೆಯಲ್ಲಿ ಅವನು ಎಸಿ ಹಾಕಲು ಬಿಡುತ್ತಿರಲಿಲ್ಲ. "ಊರಿಗೆಲ್ಲಾ ತಂಪ್ ಹಂಚೋನು, ಹೆಂಡ್ತಿ ಮಕ್ಳನ್ನ ಬೇಯಿಸ್ತಿದೀಯಲ್ಲ, ನಿಂಗೇನ್ ದೆವ್ವ ಹಿಡಿದೈತಾ?" ಎಂದು ಹೆಂಡತಿ ಬೈದಳು. ಅವನು ಹೊರಗೆ ಎದ್ದುಹೋದ. ಲೈಸೆನ್ಸ್ ಬಂದಿತ್ತು. ಹಳೆಯ ವ್ಯಾನೊಂದನ್ನು ಕೊಂಡಿದ್ದ. ಒಂದು ಮಗ್ಗುಲಿಗೆ ನಂಬರು ಅಂಟಿಸಿ ಆಗಿತ್ತು. ಇನ್ನೊಂದು ಮಗ್ಗುಲಿನ ಅಂಕಿಗಳನ್ನು ಬೆರಳಿನಿಂದ ತೀಡುತ್ತಾ ಕೂತಿದ್ದಾಗ ಒಫೇಲಿಯಾ ಬಂದಳು. ಕೈಯಲ್ಲಿ ಬಟ್ಟೆ ಮುಚ್ಚಿದ ಪಾತ್ರೆ.

"ತಮಾಲೆ ಕಡುಬು ತಂದೀನಿ ಕೊಂಪಾದ್ರೆ. ನಿನ್ ನಂಬರ್ ಬಂದ್ ದಿನ ಮಾಡ್ಬೇಕು ಅಂತ ಅವ್ನು ಹೇಳಿದ್ದ. ಹಂದಿ ಮಾಂಸದ್ದೇ ಆಗ್ಬೇಕು ಅಂದಿದ್ದ."

ಅನ್ಸೆಲ್ಮೊ ಪಾತ್ರೆಯನ್ನು ತೆಗೆದುಕೊಂಡ. ಅದಿನ್ನೂ ಬಿಸಿಯಾಗಿತ್ತು. ಅವಳು ವ್ಯಾನಿನ ಸುತ್ತ ಒಂದು ಸುತ್ತು ಬಂದಳು, ನಂಬರಿನ ಮೇಲೆ ಕೈಯಾಡಿಸಿದಳು.

"ಒಂದ್ ಮಾತ್ ಕೇಳ್ತೀನಿ, ಬ್ಯಾಸ್ರ ಮಾಡ್ಕಬ್ಯಾಡ. ಕುಡ್ದಿದ್ದ ಅಂತ ಬರ್ದವ್ರೆ. ನನ್ ಪಕ್ಕ ಮಲಗ್ತಿದ್ದೋನು, ನಂಗ್ ಗೊತ್ತಿಲ್ವಾ? ಅದನ್ ಯಾವನೋ ಕೊಬ್ಬಿದೋನ್ ಹೇಳಿರ್ತಾನೆ, ಹೋಗ್ಲಿ. ಆದ್ರೆ ನೀನು ಅಲ್ಲೇ ಇದ್ಯಲ್ಲ ಕೊಂಪಾದ್ರೆ. ಅವ್ನು ಸುಮ್ನೆ ಹೋದ್ನಾ? ಒಂದ್ ಸದ್ದೂ ಮಾಡ್ಲಿಲ್ವಾ?"

ಅನ್ಸೆಲ್ಮೊನ ಬಾಯಿಗೆ ಇಲ್ಲವೆಂಬ ಮಾತು ಬಂದಿತ್ತು. ಒಮ್ಮೆ ಹೇಳಿ ರೂಢಿಯಾಗಿದ್ದ ಮಾತೇ ಅದು. ಆದರೆ ಪಾತ್ರೆಯ ಬಿಸಿ ಅಂಗೈಗೆ ಹತ್ತುತ್ತಿತ್ತು. ಅವನು ಅದನ್ನು ನೆಲಕ್ಕಿಟ್ಟ. ಬೆರಳು ಮಡಿಚಿ ವ್ಯಾನಿನ ತಗಡಿಗೆ ಬಡಿದ. ಮೂರು ಸಲ.

ಒಫೇಲಿಯಾ ಆಳಿನ ಹೆಂಡತಿ. ಆ ಲೆಕ್ಕ ಅವಳಿಗೆ ಗೊತ್ತಿತ್ತು.

"ನಿಂಗ್ ಕೇಳುಸ್ತಾ?"

"ಕೇಳುಸ್ತು ಕೊಮಾದ್ರೆ. ಏಣಿ ಮೇಲೆ ಕೈ ಇಟ್ಟಿದ್ದೆ. ಧಣಿ ಹಾರ್ನ್ ಹೊಡ್ದ. ಹೊಂಟೋದೆ."

ಅವಳು ನಂಬರಿನ ಮೇಲಿಂದ ಕೈ ತೆಗೆದಳು.

"ಕುಡ್ದಿದ್ದ ಅಂದೋನೂ ನಾನೇ," ಎಂದ ಅನ್ಸೆಲ್ಮೊ. "ಇದಕ್ಕೋಸ್ಕರ." ನಂಬರಿನ ಕಡೆ ತೋರಿಸಿದ. "ತುಂಬಾ ಹೊತ್ತು ಬಡ್ದವ್ನೆ. ತೊಲೆ ಮೇಲೆ ಗುರ್ತವೆ. ನಾನೇ ನಾರು ಮುಚ್ಚಿದೀನಿ, ಈಗ್ಲೂ ಅಲ್ಲೇ ಅವೆ."

ಒಫೇಲಿಯಾ ಕೈ ಬೀಸಿ ಅವನ ಕೆನ್ನೆಗೆ ಹೊಡೆದಳು. ಇನ್ನೊಂದು ಹೊಡೆದಳು. ಮೂರನೆಯದಕ್ಕೆ ಎತ್ತಿದ ಕೈ ಹಾಗೇ ಕೆಳಗಿಳಿಯಿತು. ಅದೂ ಬೀಳಬಾರದಿತ್ತೇ ಎಂದು ಅನ್ಸೆಲ್ಮೊಗೆ ಅನ್ನಿಸಿತು.

"ನಡಿ," ಎಂದಳು. "ಯಾರ್ಗೆ ಸುಳ್ ಹೇಳಿದ್ಯೋ ಅವ್ರಿಗೇ ಹೇಳು ನಡಿ. ಆ ಅಟ್ಟಕ್ಕೆ ಅವ್ರನ್ನ ಹತ್ಸು."

"ಲೈಸೆನ್ಸ್ ಕಿತ್ಕತಾರೆ. ಜೈಲ್ಗೂ ಹಾಕ್ಬೋದು."

"ಅದನ್ನ ನನ್ ಕೈಲಿ ಯಾಕೆ ಹೇಳ್ತೀಯಾ?"

ಅವನು ಬೀಗದ ಕೈಗೆ ಜೇಬು ತಡಕಿದ. ಅವಳು ವ್ಯಾನಿನ ಕಡೆ ತಿರುಗಿಯೂ ನೋಡದೆ ಬಸ್ ನಿಲ್ದಾಣದ ಕಡೆ ನಡೆಯತೊಡಗಿದ್ದಳು. ಅನ್ಸೆಲ್ಮೊ ಹಿಂದೆ ಹೋದ. ಬಸ್ಸಿನಲ್ಲಿ ಅವಳು ಮುಂದಿನ ಸೀಟಿನಲ್ಲಿ ಕೂತಳು, ಅವನು ಹಿಂದೆ ನಿಂತ. ಪಾತ್ರೆ ಅಲ್ಲಿ ವ್ಯಾನಿನ ಚಕ್ರದ ಪಕ್ಕದಲ್ಲೇ ಉಳಿಯಿತು.

ವಿಚಾರಣೆಗೆ ಬಂದಿದ್ದ ಅಧಿಕಾರಿಯ ಕಚೇರಿಯದು ಗಾಜಿನ ಬಾಗಿಲು. ಊಟದ ಹೊತ್ತೆಂದು ಚೀಟಿ ಅಂಟಿಸಿ ಒಳಗಿನಿಂದ ಅಗುಳಿ ಹಾಕಿದ್ದರು. ಒಳಗೆ ಎಸಿ ಗಾಳಿಗೆ ಕ್ಯಾಲೆಂಡರಿನ ಹಾಳೆ ಅಲ್ಲಾಡುತ್ತಿತ್ತು. ಮೇಜಿನ ಹಿಂದೆ ಒಬ್ಬ ಫೋನು ನೋಡುತ್ತಾ ಸ್ಯಾಂಡ್‌ವಿಚ್ ತಿನ್ನುತ್ತಿದ್ದ. ಹೊರಗೆ ಬಿಸಿಲು ನೆತ್ತಿಯ ಮೇಲಿತ್ತು.

ಒಫೇಲಿಯಾ ಗಾಜಿಗೆ ಮೂರು ಸಲ ಬಡಿದಳು. ಒಳಗಿನವನು ತಲೆಯೆತ್ತಿ, ಚೀಟಿಯ ಕಡೆ ಬೆರಳು ತೋರಿಸಿ, ಮತ್ತೆ ಫೋನು ನೋಡತೊಡಗಿದ.

ಅವಳು ಪಕ್ಕಕ್ಕೆ ಸರಿದಳು.

"ನೀನ್ ಬಡಿ," ಎಂದಳು.

ಅನ್ಸೆಲ್ಮೊ ಬಡಿದ. ಮೂರು. ಒಳಗಿನವನು ಈ ಸಲ ತಲೆಯೆತ್ತಲಿಲ್ಲ. ಮತ್ತೆ ಮೂರು. ಗೆಣ್ಣಿನ ಚರ್ಮ ಕಿತ್ತು ಗಾಜಿನ ಮೇಲೆ ಕೆಂಪಗೆ ಗುರುತು ಬಿತ್ತು. ಅವನು ಇನ್ನೂ ಜೋರಾಗಿ ಬಡಿದ.